ಬೇವಿನ ತಪ್ಪಲೋ, ಲವಂಗದೆಣ್ಣೆಯೋ, ಗಾಳಿಯಾಡದ ಚೀಲವೋ: ಕಾಳಿಗೆ ವಿಷದ ಬೂಷ್ಟು ಹತ್ತದಂತೆ ಯಾವುದು ಯಾರಿಗೆ?

ಗೋವಿನಜೋಳದ ರಾಶಿ ಮುಗಿದು ಚೀಲಗಳು ಮನೆ ಸೇರುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. "ತಿನ್ನೋ ಕಾಳು, ಔಷಧಿ ಪುಡಿ ಹಾಕೋದು ಬೇಡ. ಬೇವಿನ ತಪ್ಪಲು ಸಾಕಾ? ಲವಂಗದೆಣ್ಣೆಗೆ ಬೂಷ್ಟು ಸಾಯುತ್ತೆ ಅಂತಾರಲ್ಲ, ಹೌದಾ? ಇಲ್ಲ ಆ ದಪ್ಪ ಪ್ಲಾಸ್ಟಿಕ್ ಚೀಲಾನೇ ತಗೊಂಡುಬಿಡೋದಾ?" ಮುದ್ದೇಬಿಹಾಳದವರೂ ಇದನ್ನೇ ಕೇಳುತ್ತಾರೆ, ಖಾನಾಪುರದವರೂ ಇದನ್ನೇ ಕೇಳುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಕೊಟ್ಟರೆ ಒಬ್ಬರ ದುಡ್ಡು ಹೋಗುತ್ತದೆ, ಇನ್ನೊಬ್ಬರ ಕಾಳು ಹೋಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಿಡಮೂಲದ ಪದಾರ್ಥಗಳು ಒಣಗಿದ ಕಾಳಿಗೆ ಕಾವಲು ಕಾಯಬಲ್ಲವು. ಹಸಿ ಕಾಳನ್ನು ಅವು ಉಳಿಸಲಾರವು. ಬೂಷ್ಟು ಹತ್ತಿದ ಕಾಳಿನಿಂದ ವಿಷ ತೆಗೆಯಲಂತೂ ಸಾಧ್ಯವೇ ಇಲ್ಲ. ಕೆಳಗಿನದ್ದನ್ನೆಲ್ಲ ಈ ಮಾತು ತಲೆಯಲ್ಲಿಟ್ಟುಕೊಂಡೇ ಓದಿ.

ಹೆದರಬೇಕಾದ್ದು ಯಾವುದಕ್ಕೆ

ಗೋವಿನಜೋಳ, ಶೇಂಗಾದ ಮೇಲೆ ಹಳದಿ ಮಿಶ್ರಿತ ಹಸಿರು ಪುಡಿಯಂತೆ ಕೂರುವ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದ ಗೋವಿನಜೋಳ ತಿಂದು ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. 1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲೇ ಮಳೆಗೆ ಸಿಕ್ಕ ಜೋಳ ಮತ್ತು ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತ್ತು. ಅಲ್ಲಿ ಸಿಕ್ಕಿದ್ದು ಬೇರೆ ಬೂಷ್ಟು, ಬೇರೆ ವಿಷ. ಅದರ ಹೆಸರು ಫ್ಯುಮೋನಿಸಿನ್.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಕಿಲೋ ಕಾಳಿನಲ್ಲಿ ಅಫ್ಲಾಟಾಕ್ಸಿನ್ 15 ಮೈಕ್ರೋಗ್ರಾಂ ದಾಟಬಾರದು. ಅಂದರೆ ಇಡೀ ಕ್ವಿಂಟಲ್‌ಗೆ ಒಂದೂವರೆ ಮಿಲಿಗ್ರಾಂ. ಕಣ್ಣಿಗೆ ಕಾಣುವ ಲೆಕ್ಕವೇ ಅಲ್ಲ ಇದು. ರೊಟ್ಟಿ ಸುಡುವ ಕಾವಿಗೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬಿಸಿಲಿಗೆ ಹಾಕಿ ಬೂಷ್ಟು ಉದುರಿಸಿದರೂ ಕಾಳಿನೊಳಗೆ ಇಳಿದದ್ದು ಅಲ್ಲೇ ಇರುತ್ತದೆ. "ದನಕ್ಕೆ ಹಾಕಿದರಾಯ್ತು" ಅನ್ನುವವರಿದ್ದಾರೆ. ಎಮ್ಮೆ ತಿಂದದ್ದರಲ್ಲಿ ಒಂದು ಪಾಲು ರೂಪ ಬದಲಿಸಿಕೊಂಡು ಹಾಲಿಗೆ ಬರುತ್ತದೆ. ಆ ಹಾಲು ಕುಡಿಯುವುದು ಮನೆಯ ಮಕ್ಕಳೇ ಅಲ್ವಾ?

ಯಾವುದರಿಂದ ಅಳೆಯಬೇಕು

ಯಾವ ಉಪಾಯಕ್ಕಾದರೂ ನಾನು ಐದು ಪ್ರಶ್ನೆ ಕೇಳುತ್ತೇನೆ. ಇದು ತಡೆಯುವುದು ಬೂಷ್ಟನ್ನೋ, ನುಸಿಯನ್ನೋ? ಎರಡೂ ಬೇರೆ. ನುಸಿ ಓಡಿಸುವ ಎಲ್ಲವೂ ಬೂಷ್ಟು ತಡೆಯುವುದಿಲ್ಲ. ಕಾಳು ತಿನ್ನೋದಕ್ಕೋ, ಬಿತ್ತೋದಕ್ಕೋ, ಮಾರೋದಕ್ಕೋ? ಈ ಪದಾರ್ಥ ತಾನೇ ಚೀಲದೊಳಗೆ ತೇವ ತರುತ್ತದೆಯೇ? ಎಷ್ಟು ದಿನ ನಿಲ್ಲುತ್ತದೆ, ಎಂಥ ಪಾತ್ರೆಯಲ್ಲಿ ನಿಲ್ಲುತ್ತದೆ? ಕೊನೆಗೆ, ಕ್ವಿಂಟಲ್‌ಗೆ ಎಷ್ಟು ಬೀಳುತ್ತದೆ?

ಇವೆಲ್ಲಕ್ಕೂ ಮೊದಲು ತೇವಾಂಶ. ಜೋಳ, ಗೋವಿನಜೋಳ, ಗೋಧಿ 12 ಪರ್ಸೆಂಟಿನ ಹತ್ತಿರ ಇರಬೇಕು. ಸುಲಿದ ಶೇಂಗಾ ಬೀಜ 7–8ಕ್ಕೆ ಇಳಿಯಬೇಕು. ಎಣ್ಣೆಕಾಳು ಸ್ವಲ್ಪ ತೇವಕ್ಕೇ ಬೂಷ್ಟು ಹಿಡಿಯುತ್ತದೆ. ಕಾಳಿನ ಸುತ್ತಲ ಗಾಳಿಯ ತೇವ ಸುಮಾರು 80 ಪರ್ಸೆಂಟ್ ದಾಟಿದರೆ ಈ ಬೂಷ್ಟು ಮೇಲೇಳುತ್ತದೆ. 12ಕ್ಕೆ ಇಳಿದ ಕಾಳಿನ ನಡುವೆ ಅಷ್ಟು ತೇವ ಇರುವುದಿಲ್ಲ.

ಮೀಟರ್ ಇಲ್ಲದವರಿಗೆ ಉಪ್ಪಿನ ಪರೀಕ್ಷೆ ಇದೆ. ಮುಚ್ಚಳ ಇರುವ ಗಾಜಿನ ಬಾಟಲಿಯನ್ನು ಪೂರ್ತಿ ಒಣಗಿಸಿ. ಪುಡಿ ಉಪ್ಪನ್ನು ಹಂಚಿನ ಮೇಲೆ ಬಿಸಿ ಮಾಡಿ ಆರಿಸಿಕೊಳ್ಳಿ. ಬಾಟಲಿಯ ಮೂರನೇ ಒಂದು ಪಾಲು ಕಾಳು, ಎರಡು ಮೂರು ಚಮಚ ಉಪ್ಪು ಹಾಕಿ ಒಂದು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡು ಬಿಳಿ ಪೊರೆಯಂತೆ ಕಂಡರೆ ತೇವ 15 ಪರ್ಸೆಂಟ್ ದಾಟಿದೆ ಅಂತ ಅರ್ಥ. ಅಂಟದೆ ತಳಕ್ಕೆ ಉದುರಿದರೆ 15ರ ಒಳಗಿದೆ. ಹಾಗಂತ ತಕ್ಷಣ ಚೀಲ ಹೊಲಿಯಬೇಡಿ. 15ಕ್ಕೂ 12ಕ್ಕೂ ನಡುವೆ ಇನ್ನೂ ಎರಡು ಮೂರು ದಿನದ ಒಳ್ಳೆ ಬಿಸಿಲು ಬೇಕು. ಒಣಗಿದ ಕಾಳು ಹಲ್ಲಿಗೆ ಕಟುಂ ಅಂತ ಒಡೆಯುತ್ತದೆ. ಹಸಿ ಕಾಳು ಚಪ್ಪಟೆಯಾಗುತ್ತದೆ.

ಇಲ್ಲೇ ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳ ದಾರಿ ಬೇರೆಯಾಗುವುದು. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಅಂತಾರಲ್ಲ, ಡೋಣಿ ಹೊಳೆಯ ದಂಡೆಯ ಆ ಬಿಳಿಜೋಳದ ಕೊಯ್ಲು ಬರುವುದು ಫೆಬ್ರುವರಿ–ಮಾರ್ಚಿನಲ್ಲಿ. ವಿಜಯಪುರದ ಬಿಸಿಲಿಗೆ ಅದು ಕಣದಲ್ಲೇ ಒಣಗಿ ಬರುತ್ತದೆ. ಅದಕ್ಕೆ ಮುಖ್ಯ ಕಾಟ ನುಸಿ. ಬೂಷ್ಟಿನ ಭಯ ಬರುವುದು ಮಳೆಗಾಲದಲ್ಲಿ ಸೋರಿದರೆ ಅಥವಾ ನೆಲದ ತಂಪು ಹತ್ತಿದರೆ. ಮುಂಗಾರಿ ಗೋವಿನಜೋಳದ ಕಥೆ ಬೇರೆ. ಅಕ್ಟೋಬರಿನ ಮಳೆ ಇನ್ನೂ ಹೋಗಿರುವುದಿಲ್ಲ, ತೆನೆ ಬಿಡಿಸುವಾಗ ಎಷ್ಟೋ ಸಲ ತೇವ 20ರ ಮೇಲಿರುತ್ತದೆ. ಬೈಲಹೊಂಗಲ, ಸವದತ್ತಿ, ಮುಧೋಳದ ಕಡೆ ನಿಜವಾದ ಅಪಾಯ ಇದೇ. ಖಾನಾಪುರದ ಮಳೆಯಲ್ಲಂತೂ ಒಣಗಿಸಿಟ್ಟ ಕಾಳೂ ಮತ್ತೆ ತೇವ ಎಳೆದುಕೊಳ್ಳುತ್ತದೆ.

ಬೇವಿನ ತಪ್ಪಲು

ಎಲ್ಲರಿಗೂ ಗೊತ್ತಿರುವುದು, ಖರ್ಚಿಲ್ಲದ್ದು. ನುಸಿಗೆ ಇದು ಒಂದು ಮಟ್ಟಿಗೆ ಕೆಲಸ ಮಾಡುತ್ತದೆ. ನುಸಿ ಕಡಿಮೆಯಾದರೆ ಬೂಷ್ಟಿಗೂ ದಾರಿ ಕಡಿಮೆ. ಹುಳ ಕೊರೆದ ತೂತಿನಿಂದಲೇ ಬೂಷ್ಟು ಒಳಗೆ ಇಳಿಯುತ್ತದೆ, ಹುಳದ ಉಸಿರಿನಿಂದ ಚೀಲದ ನಡುವೆ ಕಾವು, ತೇವ ಎರಡೂ ಏರುತ್ತವೆ.

ನೇರವಾಗಿ ಬೂಷ್ಟಿನ ಮೇಲೆ ಬೇವಿನ ಕೆಲಸ ವಿಚಿತ್ರವಾಗಿದೆ. 1988ರಲ್ಲಿ ಅಮೆರಿಕದ ಸಂಶೋಧಕರು ಬೇವಿನ ಎಲೆಯ ಸಾರವನ್ನು ಬೂಷ್ಟು ಬೆಳೆಸುವ ದ್ರಾವಣಕ್ಕೆ ಹಾಕಿ ನೋಡಿದರು. ಬೂಷ್ಟು ಬೆಳೆಯಿತು, ಆದರೆ ವಿಷ ಮಾಡುವುದು ಬಹುತೇಕ ನಿಂತಿತು. ಒಳ್ಳೆ ಸುದ್ದಿಯೇ. ಆದರೆ ಅದು ದ್ರಾವಣಕ್ಕೆ ಬೆರೆಸಿದ ಸಾರ. ಒಣ ಎಲೆ ಚೀಲದಲ್ಲಿ ಕಾಳಿನ ನಡುವೆ ಅಲ್ಲೊಂದು ಇಲ್ಲೊಂದು ಕೂತಿರುತ್ತದೆ, ಅದರ ಸಾರ ಪ್ರತಿ ಕಾಳಿಗೂ ತಲುಪುವುದಿಲ್ಲ. ಪ್ರಯೋಗಾಲಯದ ಫಲವನ್ನು ಗೋಣಿಚೀಲದಿಂದ ನಿರೀಕ್ಷಿಸುವುದು ತಪ್ಪಾಗುತ್ತದೆ.

ಇಲ್ಲಿ ಜನ ಮಾಡುವ ದೊಡ್ಡ ಎಡವಟ್ಟು ಹಸಿ ತಪ್ಪಲು ಹಾಕುವುದು. ಹಸಿ ಎಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಬೂಷ್ಟು ತಡೆಯಲು ಹೋಗಿ ಚೀಲಕ್ಕೆ ನೀರು ಹಾಕಿದ ಹಾಗೆ. ನೆರಳಲ್ಲಿ ಒಣಗಿಸಿ, ಹಿಡಿದರೆ ಪುಡಿಯಾಗುವಂತಿರಬೇಕು. ಬೇವಿನ ಬೀಜದ ಪುಡಿ ಎಲೆಗಿಂತ ಗಟ್ಟಿ ಅಂತ ಹಾಕುವವರಿದ್ದಾರೆ. ಸರಿಯಾಗಿ ಒಣಗಿಸದ ಬೇವಿನ ಬೀಜಕ್ಕೇ ಇದೇ ಬೂಷ್ಟು ಹಿಡಿಯುತ್ತದೆ, ಅದರಲ್ಲೂ ಅಫ್ಲಾಟಾಕ್ಸಿನ್ ಸಿಗುತ್ತದೆ. ಬೀಜದ ಪುಡಿ, ಬೇವಿನೆಣ್ಣೆ ಎರಡೂ ತಿನ್ನುವ ಕಾಳಿಗೆ ಬೇಡ ಅನ್ನುವುದು ನನ್ನ ಮಾತು. ಕಹಿ ರೊಟ್ಟಿಯವರೆಗೂ ಬರುತ್ತದೆ.

ಲವಂಗ, ದಾಲ್ಚಿನ್ನಿ, ಓಂಕಾಳು, ಮಜ್ಜಿಗೆಹುಲ್ಲು

ಬೂಷ್ಟನ್ನೇ ನೇರವಾಗಿ ಹಿಡಿಯುವವು ಇವು. ಲವಂಗದೆಣ್ಣೆಯ ಬಹುಪಾಲು ಯುಜಿನಾಲ್. ಓಂಕಾಳಿನಲ್ಲಿ ಇರುವುದು ಥೈಮಾಲ್, ಮೂಗಿಗೆ ಹತ್ತುವ ಆ ಘಾಟು ಅದರದ್ದೇ. ದಾಲ್ಚಿನ್ನಿಯಲ್ಲಿ ಸಿನಮಾಲ್ಡಿಹೈಡ್, ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್. ಇವು ಬೂಷ್ಟಿನ ಜೀವಕೋಶದ ಪೊರೆಯನ್ನು ಹಾಳು ಮಾಡುತ್ತವೆ. ಬೂಷ್ಟು ಸಾಯದಷ್ಟು ಕಡಿಮೆ ಪ್ರಮಾಣದಲ್ಲೂ ವಿಷದ ಉತ್ಪಾದನೆ ತಗ್ಗುತ್ತದೆ ಅನ್ನುವುದು ಮತ್ತೆ ಮತ್ತೆ ಕಂಡಿರುವ ಸಂಗತಿ. ಎಣ್ಣೆಯ ಆವಿಯೇ ಕೆಲಸ ಮಾಡುವುದರಿಂದ ಪ್ರತಿ ಕಾಳಿಗೂ ಸವರಬೇಕಿಲ್ಲ.

ಆವಿ ಅಂದಮೇಲೆ ಅದರ ತೊಂದರೆಯೂ ಅಲ್ಲೇ ಇದೆ. ಗೋಣಿಚೀಲಕ್ಕೆ ಲವಂಗದೆಣ್ಣೆ ಹಾಕಿದರೆ ಕೋಣೆಗೆ ಒಳ್ಳೆ ವಾಸನೆ ಬರುತ್ತದೆ, ಅಷ್ಟೇ. ಕೆಲವೇ ದಿನಗಳಲ್ಲಿ ಹಾರಿಹೋಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಪತ್ರದ (ತಗಡಿನ) ಕಣಜ ಅಥವಾ ಗಾಳಿಯಾಡದ ಚೀಲ ಇಲ್ಲದಿದ್ದರೆ ಈ ಎಣ್ಣೆಗಳಿಗೆ ದುಡ್ಡು ಹಾಕಬೇಡಿ. ಆವಿ ಬೇಗ ಹೋಗದಂತೆ ಎಣ್ಣೆಯನ್ನು ಕೈಟೋಸಾನ್ ಎಂಬ ಪದಾರ್ಥದ ಸೂಕ್ಷ್ಮ ಕಣಗಳೊಳಗೆ ಹಿಡಿದಿಡುವ ಕೆಲಸ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಹಳ ನಡೆದಿದೆ. ದಾರಿ ಸರಿಯಾದದ್ದೇ. ಆದರೆ ನಮ್ಮ ಊರಿನ ಅಂಗಡಿಯಲ್ಲಿ ಕೇಳಿ ಕೊಳ್ಳುವ ವಸ್ತು ಅದಲ್ಲ.

ಖರ್ಚಿನ ಲೆಕ್ಕ ಹಾಕೋಣ. ಒಂದು ಕ್ವಿಂಟಲ್ ಗೋವಿನಜೋಳ ಸುಮಾರು 135–140 ಲೀಟರ್ ಜಾಗ ಹಿಡಿಯುತ್ತದೆ. ಅದರಲ್ಲಿ ಹತ್ತಕ್ಕೆ ನಾಲ್ಕು ಪಾಲು ಕಾಳಿನ ನಡುವಿನ ಗಾಳಿ, ಅಂದರೆ 55 ಲೀಟರ್. ಲೀಟರ್ ಗಾಳಿಗೆ ಅರ್ಧ ಮಿಲಿಲೀಟರ್ ಎಣ್ಣೆ ಅಂತ ಇಟ್ಟುಕೊಂಡರೂ 27–28 ಮಿಲಿ ಬೇಕು. ಕಾಳು ತಾನೇ ಒಂದಷ್ಟು ಹೀರಿಕೊಳ್ಳುವುದರಿಂದ ನಿಜಕ್ಕೂ ಅದಕ್ಕಿಂತ ಜಾಸ್ತಿ. ಲೀಟರಿಗೆ 2,000 ರೂಪಾಯಿ ಅಂದುಕೊಂಡರೆ ಕ್ವಿಂಟಲ್‌ಗೆ 55 ರೂಪಾಯಿಯಿಂದ ಶುರು. 2025–26ಕ್ಕೆ ಗೋವಿನಜೋಳದ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 2,400 ರೂಪಾಯಿ. ಮೆಡಿಕಲ್ ಅಂಗಡಿಯ ಪುಟ್ಟ ಬಾಟಲಿಯಲ್ಲಿ ಕೊಂಡರೆ ಈ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅಗ್ಗದ್ದು ಅಂತ ಸೆಂಟಿನ ಅಂಗಡಿಯ ಎಣ್ಣೆ ತಂದರೆ ಅದರಲ್ಲಿ ಲವಂಗ ಎಷ್ಟಿದೆಯೋ, ಬೇರೇನಿದೆಯೋ.

ಹಾಕುವವರು ಎಣ್ಣೆಯನ್ನು ಕಾಳಿನ ಮೇಲೆ ಸುರಿಯಬೇಡಿ. ಹತ್ತಿಗೆ ನೆನೆಸಿ, ಸಣ್ಣ ಬಟ್ಟೆಯ ಗಂಟು ಕಟ್ಟಿ, ಕಾಳಿನ ನಡುವೆ ಎರಡು ಮೂರು ಕಡೆ ಇಡಿ. ಬರಿಗೈಗೆ, ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಉರಿ ಕಿತ್ತುಬರುತ್ತದೆ. ಬಿತ್ತನೆ ಬೀಜಕ್ಕೆ ಈ ಎಣ್ಣೆಗಳು ಬೇಡವೇ ಬೇಡ. ಪ್ರಮಾಣ ಸ್ವಲ್ಪ ಏರಿದರೆ ಮೊಳಕೆಗೇ ಹೊಡೆತ. ಮಾರುವ ಕಾಳಿಗೂ ಯೋಚನೆ ಮಾಡಿ. ಖರೀದಿದಾರ ಮೊದಲು ಮೂಸಿ ನೋಡುತ್ತಾನೆ. ಮುಗ್ಗಲು ವಾಸನೆ ಮುಚ್ಚಲು ಹಾಕಿದ್ದಾರೆ ಅಂದುಕೊಂಡರೆ ದರ ಇಳಿಯಿತು.

ಇಡೀ ಲವಂಗ, ಓಂಕಾಳನ್ನೇ ಹಾಕಿದರೆ? ಮನೆಯ ಹತ್ತು ಹದಿನೈದು ಕಿಲೋ ಹಿಟ್ಟಿನ ಜೋಳ, ತೊಗರಿಬೇಳೆ, ರವೆಯ ಡಬ್ಬಿಗೆ ನನಗೆ ಇದೇ ಇಷ್ಟ. ಅಡುಗೆಗೆ ಬಳಸುವ ಪದಾರ್ಥ, ವಾಸನೆ ತಿಂಡಿಗೆ ಹೊಂದುತ್ತದೆ. ಎಣ್ಣೆಯಷ್ಟು ಜೋರಿಲ್ಲ, ಕ್ವಿಂಟಲ್‌ಗಟ್ಟಲೆ ಕಾಳಿಗೆ ದುಬಾರಿ. ಒಂದು ಎಚ್ಚರ: ಮಸಾಲೆ ಪದಾರ್ಥಗಳೂ ತೇವಕ್ಕೆ ಬೂಷ್ಟು ಹಿಡಿಯುತ್ತವೆ. ವರ್ಷದಿಂದ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದನ್ನು ತಂದು ಹಾಕಬೇಡಿ.

ಬಜೆ, ಅರಿಶಿನ ಮತ್ತು ಉಳಿದವು

ಬಜೆಯ ಪುಡಿ ಹುಳಕ್ಕೆ ಜೋರು, ಬೂಷ್ಟಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ. ಆದರೆ ಅದರಲ್ಲಿರುವ ಬೀಟಾ ಅಸರೋನ್ ಇಲಿಗಳ ಮೇಲಿನ ಪ್ರಯೋಗದಲ್ಲಿ ಗಡ್ಡೆ ತಂದಿದೆ. ಅಮೆರಿಕ 1968ರಲ್ಲೇ ಆಹಾರದಲ್ಲಿ ಬಜೆಯನ್ನು ನಿಷೇಧಿಸಿತು. ಅಫ್ಲಾಟಾಕ್ಸಿನ್‌ನಂಥ ಕ್ಯಾನ್ಸರ್ ತರುವ ವಿಷ ತಪ್ಪಿಸಲು ಇನ್ನೊಂದು ಅನುಮಾನದ ವಸ್ತು ಬೆರೆಸುವುದು ಯಾಕೆ? ಬಿತ್ತನೆಗೆ ಅಂತ ಬೇರೆ ಇಟ್ಟ ಬೀಜಕ್ಕೆ ಮಾತ್ರ ಬಳಸಿ, ಚೀಲದ ಮೇಲೆ ಬರೆದಿಡಿ.

ಅರಿಶಿನ ಪುಡಿ ಕಾಳಿಗೆ ಬಣ್ಣ ಹಚ್ಚುತ್ತದೆ, ಚೀಲದೊಳಗಿನ ಬೂಷ್ಟಿಗೆ ದುರ್ಬಲ. ಅರಿಶಿನದ ಎಲೆಯಿಂದ ತೆಗೆದ ಎಣ್ಣೆ ಪ್ರಯೋಗಗಳಲ್ಲಿ ಈ ಬೂಷ್ಟನ್ನೂ ಅದರ ವಿಷವನ್ನೂ ತಗ್ಗಿಸಿದೆ. ತೇರದಾಳ, ಮಹಾಲಿಂಗಪುರದ ಕಡೆ ಆ ಎಲೆ ಸುಮ್ನೆ ಹೊಲದಲ್ಲಿ ಕೊಳೆಯುತ್ತದಲ್ಲ ಅನ್ನಿಸುತ್ತದೆ. ಆದರೆ ಬಟ್ಟಿ ಇಳಿಸುವ ಘಟಕ ಬೇಕು, ಒಬ್ಬ ರೈತನ ಕೈಲಾಗುವ ಕೆಲಸವಲ್ಲ. ಇಂಡಿ ನಿಂಬೆಯ ಸಿಪ್ಪೆ, ಬೆಳ್ಳುಳ್ಳಿ ಎಸಳು ಹಸಿಯಾಗಿ ಹಾಕಿದರೆ ಅವಕ್ಕೇ ಬೂಷ್ಟು ಬರುತ್ತದೆ. ಬಿಟ್ಟುಬಿಡಿ.

ಗಾಳಿಯಾಡದ ಚೀಲ, ಮತ್ತು ನಮ್ಮ ಹಗೇವು

ಗಿಡಮೂಲದ್ದಲ್ಲವಾದರೂ ಹೋಲಿಕೆಗೆ ಇದನ್ನು ತರಲೇಬೇಕು, ಏಕೆಂದರೆ ಎಷ್ಟೋ ಜನರಿಗೆ ಇದೇ ಸರಿಯಾದ ಆಯ್ಕೆ. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಪದರ, ಹೊರಗೆ ನೇಯ್ದ ಚೀಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಕ್ಯಾಮರೂನಿನಲ್ಲಿ ಅಲಸಂದೆಗೆ ಅಂತ ಶುರು ಮಾಡಿದ್ದು. ಒಳಗಿನ ಹುಳವೇ ಆಮ್ಲಜನಕ ಮುಗಿಸಿ ತಾನೂ ಸಾಯುತ್ತದೆ. ಹೊರಗಿನ ತೇವ ಒಳಗೆ ಬರುವುದಿಲ್ಲ. ನಮ್ಮ ಹಿರಿಯರ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಇದೇ ತತ್ವದ್ದು. ಹಗೇವಿನಲ್ಲಿ ಬಾಯಿಯ ಹತ್ತಿರದ ಮತ್ತು ಗೋಡೆಗೆ ತಾಗಿದ ಜೋಳ ಕಪ್ಪಾಗಿ ಮುಗ್ಗಲು ಬರುವುದು ನೆಲದ ತೇವದಿಂದ. ಚೀಲಕ್ಕೆ ಆ ಕಾಟ ಇಲ್ಲ. (ಹಗೇವು ಇನ್ನೂ ಇಟ್ಟವರು ಬಾಯಿ ತೆರೆದ ಕೂಡಲೇ ಇಳಿಯಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಜನ ಸತ್ತಿದ್ದಾರೆ.)

ಚೀಲದ ದೋಷ ಮೂರು. ಹಸಿ ಕಾಳು ತುಂಬಿದರೆ ಹುಳಿ ಹಿಡಿಯುತ್ತದೆ. ಇಲಿ ಒಂದು ತೂತು ಕೊರೆದರೆ ಮುಗಿಯಿತು. ಸಾದಾ ಚೀಲಕ್ಕಿಂತ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಜೋಪಾನ ಮಾಡಿದರೆ ಎರಡು ಮೂರು ವರ್ಷ ಬರುತ್ತದೆ, ಆಗ ವರ್ಷದ ಖರ್ಚು ಇಳಿಯುತ್ತದೆ. ವಾಸನೆಯ ಗೊಡವೆಯೂ ಇಲ್ಲ.

ಹಾಗಾದರೆ ನಿಮಗೆ ಯಾವುದು

ಎರಡು ಮೂರು ಕ್ವಿಂಟಲ್ ಬಿಳಿಜೋಳ ವರ್ಷದ ರೊಟ್ಟಿಗೆ ಇಡುವ ವಿಜಯಪುರ, ಬಾಗಲಕೋಟೆಯ ಮನೆಯಾದರೆ ಒಣ ಬೇವಿನ ತಪ್ಪಲು, ಪತ್ರದ ಕಣಜ, ಕೆಳಗೆ ಮರದ ಹಲಗೆ. ಅಷ್ಟು ಸಾಕು. ಎಣ್ಣೆಗೆ ದುಡ್ಡು ಹಾಕಬೇಡಿ. ಆಷಾಢದಲ್ಲಿ ಒಮ್ಮೆ ಕಣಜದ ನಡುವೆ ಕೈ ಇಳಿಸಿ ನೋಡಿ. ಬೆಚ್ಚಗಿದ್ದರೆ ಹೊರತೆಗೆದು ಮತ್ತೆ ಒಣಗಿಸಿ.

ದರ ಏರಲಿ ಅಂತ ಐವತ್ತು ಚೀಲ ಗೋವಿನಜೋಳ ಹಿಡಿದಿಟ್ಟವರಿಗೆ ಯಾವ ಸೊಪ್ಪೂ ಸಾಲದು. ನಿಮ್ಮ ಮೊದಲ ಖರ್ಚು ಒಳ್ಳೆ ತಾಡಪತ್ರಿ, ಎರಡನೆಯದು ನಾಲ್ಕು ಮನೆ ಸೇರಿ ಕೊಳ್ಳುವ ತೇವಾಂಶದ ಮೀಟರ್. ಅಷ್ಟೂ ಕಾಳಿಗೆ ಎಣ್ಣೆ ಹಾಕುವ ದುಡ್ಡಿನಲ್ಲಿ ತಾಡಪತ್ರಿ ಬಂದುಬಿಡುತ್ತದೆ. 12–13ಕ್ಕೆ ಇಳಿಸಲು ಆಗದಿದ್ದರೆ ಹಿಡಿದಿಡಬೇಡಿ, ಮಾರಿಬಿಡಿ.

ಖಾನಾಪುರ, ಬೆಳಗಾವಿಯ ಪಶ್ಚಿಮದ ಕಡೆಯವರಿಗೆ ಗಾಳಿಯಾಡದ ಚೀಲವೇ ಮೊದಲ ಆಯ್ಕೆ. ತಿನ್ನುವ ಕಾಳಾದರೆ ಅದರೊಳಗೆ ಲವಂಗದೆಣ್ಣೆಯ ಗಂಟು ಇಡಬಹುದು. ಇಡೀ ಹೋಲಿಕೆಯಲ್ಲಿ ಎಣ್ಣೆಗೆ ಕೊಟ್ಟ ದುಡ್ಡು ಹುಟ್ಟುವುದು ಇಲ್ಲೊಂದೇ ಕಡೆ.

ಶೇಂಗಾದವರದ್ದು ಕಷ್ಟದ ಪ್ರಕರಣ. ಕೊನೆಗಾಲಕ್ಕೆ ಮಳೆ ಕೈಕೊಟ್ಟರೆ ಬೂಷ್ಟು ಹೊಲದಲ್ಲೇ ಕಾಯಿಯೊಳಗೆ ಹೋಗಿರುತ್ತದೆ. ಮನೆಗೆ ಬಂದಮೇಲೆ ಏನು ಹಾಕಿದರೂ ಅದು ಹೊರಬರುವುದಿಲ್ಲ. ಒಡೆದ ಕಾಯಿ, ಸುಕ್ಕಿದ ಬೀಜ, ಬಣ್ಣಗೆಟ್ಟದ್ದನ್ನು ಆರಿಸಿ ತೆಗೆಯುವುದೇ ದೊಡ್ಡ ಔಷಧಿ. ಬೀಜಕ್ಕೆ ಇಡುವುದಾದರೆ ಸುಲಿಯದೆ ಕಾಯಿಯಲ್ಲೇ ಇಡಿ. ಗಾಣಕ್ಕೆ ಹಾಕಿದರೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಒಂದಿಷ್ಟು ಸೋಸದ ಎಣ್ಣೆಗೂ ಬರುತ್ತದೆ. ಕೆಟ್ಟ ಬೀಜವನ್ನು "ಎಣ್ಣೆಗಾದರೂ ಆಗಲಿ" ಅಂತ ಎತ್ತಿಡಬೇಡಿ.

ಈಗಾಗಲೇ ಹಸಿರು ಬೂಷ್ಟು ಕಂಡ ಕಾಳಿಗೆ ಮೇಲಿನ ಯಾವುದೂ ಅನ್ವಯಿಸುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಆ ಭಾಗ ಬೇರ್ಪಡಿಸಿ, ದನ, ಕೋಳಿ ಮುಟ್ಟದ ಕಡೆ ಹೂಳಿ. ಉಳಿದದ್ದರ ಬಗ್ಗೆ ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ. ಎಲ್ಲಿ ಮಾಡಿಸಬೇಕು ಅಂತ ಹಿಟ್ನಳ್ಳಿ, ಇಂಡಿ, ಬಾಗಲಕೋಟೆ, ಮತ್ತಿಕೊಪ್ಪ, ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹತ್ತಿರದ್ದಕ್ಕೆ ಹೋಗಿ ಕೇಳಬಹುದು. ಒಯ್ಯುವಾಗ ಒಂದೇ ಚೀಲದ ಮೇಲಿನ ಹಿಡಿ ಕಾಳು ಸಾಲದು. ವಿಷ ಇರುವುದು ಎಲ್ಲೋ ಕೆಲವೇ ಕಾಳುಗಳಲ್ಲಿ. ಹತ್ತು ಹನ್ನೆರಡು ಕಡೆಯಿಂದ, ಚೀಲದ ತಳ, ನಡು, ಮೇಲ್ಭಾಗ ಎಲ್ಲ ಸೇರಿ ನಾಲ್ಕೈದು ಕಿಲೋ ತೆಗೆದು, ಚೆನ್ನಾಗಿ ಬೆರೆಸಿ, ಅದರಿಂದ ಒಂದು ಕಿಲೋ ಕಾಗದದ ಚೀಲದಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಬೇಡ, ದಾರಿಯಲ್ಲೇ ಬೆವರುತ್ತದೆ.